ಕಾಡಂಚಿನ ಜಮೀನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನಲ್ಲಿ ಮನೆ, ಕನಕಪುರ, ಆನೇಕಲ್, ಮಾಗಡಿ ಅಥವಾ ಹೆಸರಘಟ್ಟದ ಕಡೆ ಜಮೀನು ಇರುವವರದು. ಜಮೀನಿನಲ್ಲಿ ಬೆಳೆಗಿಂತ ಮರಗಿಡ, ಹಕ್ಕಿ, ಪ್ರಾಣಿಗಳಿಗೆ ಜಾಗ ಬಿಡಬೇಕೆಂಬ ಆಸೆ ಎಲ್ಲರದೂ ಒಂದೇ ಬಗೆಯದಾದರೂ ನೆಲ ಒಂದೇ ಬಗೆಯದಲ್ಲವಾದ್ದರಿಂದ, ಪತ್ರಗಳನ್ನು ಬೇರೆ ಬೇರೆಯಾಗಿಯೇ ಉತ್ತರಿಸಿದ್ದೇವೆ.

ಪ್ರಶ್ನೆ: ಕನಕಪುರ ತಾಲ್ಲೂಕಿನಲ್ಲಿ ನಮ್ಮದು ಆರು ಎಕರೆ ಜಮೀನಿದೆ. ಎರಡು ಎಕರೆಯಲ್ಲಿ ಹಿಂದಿನ ಮಾಲೀಕರು ಹಾಕಿದ ನೀಲಗಿರಿ ಇದೆ. ಉಳಿದದ್ದು ಹತ್ತು ವರ್ಷಗಳಿಂದ ನೇಗಿಲು ಕಾಣದ ಬೀಳು, ಅದರ ತುಂಬ ಲಂಟಾನ. ಅರಣ್ಯದ ಗಡಿ ಒಂದು ಕಿಲೋಮೀಟರ್ ದೂರದಲ್ಲಿದೆ. ಅಮೆರಿಕದ ಜಮೀನುದಾರರು ಜಿಂಕೆಗಳಿಗೆಂದೇ ‘ಫುಡ್ ಪ್ಲಾಟ್’ ಎಂಬ ಮೇವಿನ ತಾಕುಗಳನ್ನು ಬಿತ್ತುವ ವಿಡಿಯೊಗಳನ್ನು ನನ್ನ ಮಗ ತೋರಿಸಿದ. ನಮ್ಮಲ್ಲಿಯೂ ಜಿಂಕೆ, ನವಿಲುಗಳಿಗಾಗಿ ಹಾಗೆ ಮಾಡಬಹುದೇ? ಏನನ್ನು ಬಿತ್ತಬೇಕು, ಯಾವ ಮರಗಳನ್ನು ನೆಡಬೇಕು?
(ಜಯನಗರದ ಓದುಗರು)

ಉತ್ತರ: ಮೊದಲು ಆ ವಿಡಿಯೊಗಳ ಹಿನ್ನೆಲೆಯನ್ನು ಹೇಳಿಬಿಡುತ್ತೇವೆ. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಯನ್ನು ನಿಗದಿತ ಋತುವಿನಲ್ಲಿ ಪರವಾನಗಿ ಪಡೆದು ಬೇಟೆಯಾಡಲು ಕಾನೂನಿನ ಸಮ್ಮತಿಯಿದೆ. ಅಲ್ಲಿನವರು ಮಣ್ಣು ಪರೀಕ್ಷಿಸಿ, ಸುಣ್ಣ ಹಾಕಿ ಹುಳಿ ತಗ್ಗಿಸಿ, ಕ್ಲೋವರ್, ಚಿಕೋರಿ, ಓಟ್ಸ್, ಟರ್ನಿಪ್ ಬಿತ್ತುವುದು ಬಹುಪಾಲು ಜಿಂಕೆಗಳು ತಮ್ಮ ಜಮೀನಿಗೇ ಬಂದು ನಿಲ್ಲಲಿ ಎಂಬ ಉದ್ದೇಶದಿಂದ. ಚಳಿಗಾಲದ ಹಿಮದಲ್ಲಿ ಮೇವು ಸಿಗದ ಪ್ರದೇಶಗಳಲ್ಲಿ ಅದಕ್ಕೆ ಬೇರೆ ಅರ್ಥವೂ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆಯ ಬೇಟೆ ಅಪರಾಧ. ಹಿಮ ಬೀಳುವ ಪ್ರಶ್ನೆಯೇ ಇಲ್ಲ. ಹೀಗಿರುವಾಗ ಜಿಂಕೆಯನ್ನು ಕಾಡಿನಿಂದ ಒಂದು ಕಿಲೋಮೀಟರ್ ಈಚೆಗೆ ಕರೆತಂದು ನಿಲ್ಲಿಸಿದರೆ ಅದರಿಂದ ನಿಮಗೆ ಒಂದು ಫೋಟೊ ಸಿಗಬಹುದು, ಪಕ್ಕದ ಹೊಲದವರಿಗೆ ನಷ್ಟ ಖಚಿತ. ಪ್ರಾಣಿಗೆ ನಿಮ್ಮ ಗಡಿಕಲ್ಲು ಗೊತ್ತಿಲ್ಲ. ನಿಮ್ಮ ಹುರುಳಿ ಮುಗಿದ ರಾತ್ರಿ ಅದು ಪಕ್ಕದವರ ಹುರುಳಿಗೆ ಹೋಗುತ್ತದೆ, ಅದರ ಹಿಂದೆಯೇ ಚಿರತೆಯೂ ಬರಬಹುದು, ಆಮೇಲೆ ಊರಿನವರು ಹಾಕುವ ಉರುಳಿಗೆ ಯಾರು ಬೀಳುತ್ತಾರೆಂಬುದು ಹೇಳಲಾಗದ ಮಾತು.

ಆದ್ದರಿಂದ ದೊಡ್ಡ ಪ್ರಾಣಿಗಳಿಗೆ ಮೇವು ಬಿತ್ತುವ ಯೋಚನೆಯನ್ನು ಬಿಟ್ಟುಬಿಡಿ. ಹಕ್ಕಿ, ಜೇನು, ಚಿಟ್ಟೆಗಳಿಗೆ ಬಿತ್ತುವುದಾದರೆ ಸಂತೋಷವಾಗಿ ಬಿತ್ತಿ. ಹಳೇ ಮೈಸೂರಿನ ರೈತರು ರಾಗಿ ಹೊಲದಲ್ಲಿ ಆರೆಂಟು ಸಾಲಿಗೊಂದು ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಹಾಕುತ್ತಿದ್ದುದನ್ನು ನಿಮ್ಮ ಊರಿನ ಹಿರಿಯರು ಇಂದಿಗೂ ವಿವರಿಸಬಲ್ಲರು. ಅದೇ ಪದ್ಧತಿಯಲ್ಲಿ ಜಮೀನಿನ ನಡುಮಧ್ಯೆ, ಅಂಚಿನಲ್ಲಿ ಅಲ್ಲ, ಕಾಲು ಎಕರೆಯಷ್ಟು ತಾಕನ್ನು ಉತ್ತು ನವಣೆ, ಸಾಮೆ, ಅಲಸಂದೆ ಬೆರೆಸಿ ಬಿತ್ತಿ, ಸುತ್ತ ಎರಡು ಸಾಲು ಹುಚ್ಚೆಳ್ಳು ಹಾಕಿ, ಕೊಯ್ಲು ಮಾಡದೆ ಹಾಗೇ ಒಣಗಲು ಬಿಡಿ. ಹುಚ್ಚೆಳ್ಳನ್ನು ದನಗಳು ಮುಟ್ಟುವುದಿಲ್ಲವಾದ್ದರಿಂದ ಅದು ಬೇಲಿಯಂತೆಯೂ ನಿಲ್ಲುತ್ತದೆ, ಹೂ ಬಿಟ್ಟಾಗ ಜೇನು ಮುತ್ತುತ್ತದೆ, ಬೀಜವಾದ ಮೇಲೆ ರಾಟವಾಳ, ಗುಬ್ಬಿ ಜಾತಿಯ ಹಕ್ಕಿಗಳಿಗೆ ಡಿಸೆಂಬರ್‌ವರೆಗೂ ಕಾಳು. ನಿಮ್ಮ ಕಡೆ ಆನೆಯ ಓಡಾಟ ಇದ್ದರೆ ರಾಗಿಯನ್ನು ಮಾತ್ರ ಈ ತಾಕಿಗೆ ಸೇರಿಸಬೇಡಿ. ಕಾರಣವನ್ನು ಮುಂದಿನ ಪತ್ರದ ಉತ್ತರದಲ್ಲಿ ಹೇಳಿದ್ದೇವೆ.

ನಿಮ್ಮ ನಿಜವಾದ ಕೆಲಸ ಬಿತ್ತುವುದಲ್ಲ, ಕೀಳುವುದು. ಲಂಟಾನವನ್ನು ಮೇಲಿನಿಂದ ಕಡಿದರೆ ಮುಂದಿನ ಮಳೆಗೆ ಎರಡರಷ್ಟು ಚಿಗುರಿ ನಿಲ್ಲುತ್ತದೆ, ಬೆಂಕಿ ಕೊಟ್ಟರೂ ಅದೇ ಫಲ. ಚಿಗುರು ಹೊರಡುವ ಭಾಗ ಬುಡದಲ್ಲಿ, ಮಣ್ಣಿನ ಮಟ್ಟದ ಸ್ವಲ್ಪ ಕೆಳಗೆ ಇರುವುದರಿಂದ, ಅದಕ್ಕಿಂತ ಕೆಳಗೆ ಗುದ್ದಲಿ ಇಳಿಸಿ ತಾಯಿಬೇರನ್ನು ಕತ್ತರಿಸಿ, ಇಡೀ ಪೊದೆಯನ್ನು ಮಗುಚಿ ಬೇರು ಮೇಲಾಗಿ ಒಣಗಲು ಬಿಡಬೇಕು. ಹಣ್ಣು ಕಟ್ಟುವ ಮುನ್ನ, ಮಳೆ ಬಂದು ಮಣ್ಣು ಮೆತ್ತಗಿರುವಾಗ ಮಾಡಿದರೆ ಕೂಲಿಯೂ ಕಡಿಮೆ, ಬೀಜ ಬೀಳುವುದೂ ಕಡಿಮೆ. ಆದರೆ ನಾಲ್ಕು ಎಕರೆಯನ್ನೂ ಒಂದೇ ವರ್ಷದಲ್ಲಿ ಬೋಳು ಮಾಡಬೇಡಿ. ಈ ಗಿಡ ಹೊರದೇಶದ್ದೇ ಆದರೂ ಹತ್ತು ವರ್ಷಗಳಲ್ಲಿ ಮೊಲ, ಗೌಜಲಹಕ್ಕಿ, ಪಿಕಳಾರ, ಮುಂಗುಸಿಗಳು ಅದರ ಅಡಿಯಲ್ಲೇ ಸಂಸಾರ ಹೂಡಿರುತ್ತವೆ. ವರ್ಷಕ್ಕೆ ಒಂದು ಎಕರೆಯಂತೆ ಪಟ್ಟಿಪಟ್ಟಿಯಾಗಿ ತೆಗೆದು, ತೆಗೆದ ಕಡೆ ಕಾರೆ, ಕವಳೆ, ಲಕ್ಕಿ, ತಂಗಡಿ, ಎಲಚಿಯಂಥ ಸ್ಥಳೀಯ ಪೊದೆಗಳು ಮೊಣಕಾಲೆತ್ತರ ಬಂದ ಮೇಲೆ ಪಕ್ಕದ ಪಟ್ಟಿಗೆ ಕೈಹಾಕಿ. ಕಿತ್ತ ಜಾಗವನ್ನು ಮೂರು ವರ್ಷ ಮಳೆಗಾಲದ ಕೊನೆಯಲ್ಲಿ ಒಮ್ಮೆ ಸುತ್ತಿ ನೋಡಿ, ಹೊಸ ಸಸಿಗಳನ್ನು ಕೈಯಲ್ಲೇ ಕೀಳಬೇಕು. ಪಿಕಳಾರ ಹಕ್ಕಿ ಬೀಜ ಉದುರಿಸುವ ಕೆಲಸವನ್ನು ನಿಲ್ಲಿಸುವುದಿಲ್ಲ. ನೆಡುವ ದಿನ ಬರುವಷ್ಟು ಜನ ಈ ಕೀಳುವ ದಿನಕ್ಕೆ ಬರುವುದಿಲ್ಲವೆಂಬುದೂ ನಮ್ಮ ಅನುಭವ.

ನೀಲಗಿರಿಯದು ಬೇರೆ ಕಥೆ. ಅದನ್ನು ಹೊಸದಾಗಿ ನೆಡುವುದಕ್ಕೆ ರಾಜ್ಯ ಸರ್ಕಾರ 2017ರಲ್ಲಿಯೇ ತಡೆ ಹಾಕಿದೆ. ಇರುವುದನ್ನು ಕಡಿದರೂ ಕೂಳೆ ಚಿಗುರುತ್ತದೆ. ಕೋಲಾರ, ಹೊಸಕೋಟೆಯ ಕಡೆ ಜೆಸಿಬಿ ತರಿಸಿ ಬುಡಸಮೇತ ಕೀಳಿಸುವುದು ರೂಢಿಯಾಗಿದೆ. ಇಳಿಜಾರಿಲ್ಲದ ಜಮೀನಾದರೆ ಅದು ಸರಿಯೇ, ಇಳಿಜಾರಿದ್ದರೆ ಮಾತ್ರ ಬುಡ ಕಿತ್ತ ಗುಂಡಿಗಳಿಂದ ಮೇಲ್ಮಣ್ಣು ಒಂದೇ ಅಕ್ಟೋಬರ್ ಮಳೆಗೆ ಹಳ್ಳ ಸೇರುತ್ತದೆ. ಅಂಥಲ್ಲಿ ನೆಲಮಟ್ಟಕ್ಕೆ ಕಡಿದು, ಚಿಗುರನ್ನು ಎರಡು ಮೂರು ತಿಂಗಳಿಗೊಮ್ಮೆ ಸವರುತ್ತ ಬಂದರೆ ಕೂಳೆ ಕ್ರಮೇಣ ಸೊರಗುತ್ತದೆ. ಮೊದಲ ವರ್ಷ ಆ ನೆಲಕ್ಕೆ ಮರ ಹಾಕದೆ ಸೆಣಬು ಅಥವಾ ಹುರುಳಿ ಬಿತ್ತಿ ಹೂವಿನ ಹಂತದಲ್ಲಿ ಮಣ್ಣಿಗೆ ಮಗುಚಿ, ಅಡ್ಡಲಾಗಿ ಬದು ಹಾಕಿಸಿ.

ಇನ್ನು ಮರಗಳ ವಿಚಾರ. ಸಾಮಾನ್ಯವಾಗಿ ಎಲ್ಲರೂ ಕೇಳುವುದು ಎಷ್ಟು ಸಸಿ ಎಂದು. ಕೇಳಬೇಕಾದದ್ದು ಯಾವ ತಿಂಗಳು ಹಣ್ಣಿಲ್ಲ ಎಂದು. ಬೆಂಗಳೂರಿನ ಸುತ್ತಣ ಎಲೆ ಉದುರುವ ಕಾಡಿನಲ್ಲಿ ಚಳಿಗಾಲಕ್ಕೆ ಎಲಚಿ, ನೆಲ್ಲಿ, ತಾರೆ. ಜನವರಿಯಿಂದ ಮಾರ್ಚ್‌ವರೆಗೆ ಹಣ್ಣಿಗಿಂತ ಹೂವಿನ ಮಕರಂದವೇ ಊಟವಾಗುವ ಮುತ್ತುಗ, ಬೂರುಗ. ಬೇಸಿಗೆಯ ಕೊನೆಗೆ ಕವಳೆ, ಅಂಕೋಲೆ. ಮುಂಗಾರಿನ ಜೊತೆಗೆ ನೇರಳೆ, ಬೇವು, ಈಚಲು. ಏಪ್ರಿಲ್ ತಿಂಗಳಿನಂಥ ತೆರಪುಗಳನ್ನು ತುಂಬುವುದು ಆಲ, ಅರಳಿ, ಅತ್ತಿ, ಬಸರಿ, ಗೋಣಿಗಳ ಕುಲ. ಈ ಮರಗಳು ಒಂದೇ ಊರಿನಲ್ಲಿದ್ದರೂ ಒಟ್ಟಿಗೆ ಹಣ್ಣಾಗುವುದಿಲ್ಲ. ಒಂದೊಂದು ಮರಕ್ಕೂ ಅದರದೇ ಸರದಿ ಇರುತ್ತದೆ, ಏಕೆಂದರೆ ಒಂದೊಂದು ಜಾತಿಯ ಪರಾಗಸ್ಪರ್ಶವೂ ಅದರದೇ ಸಣ್ಣ ಕಣಜವನ್ನು ಅವಲಂಬಿಸಿದೆ, ಮತ್ತು ಆ ಕಣಜ ಬದುಕಬೇಕಾದರೆ ಸುತ್ತಲ ಪ್ರದೇಶದಲ್ಲಿ ಎಲ್ಲಾದರೂ ಒಂದು ಮರ ಸದಾ ಕಾಯಿ ಕಟ್ಟುತ್ತಿರಬೇಕು. ಆರು ಎಕರೆಗೆ ಈ ಕುಲದ ಆರೇಳು ಮರಗಳಿದ್ದರೆ ಸಾಕು, ಬಾವಲಿಯಿಂದ ಕುಟ್ರುಹಕ್ಕಿಯವರೆಗೆ ಎಲ್ಲರೂ ಬರುತ್ತಾರೆ. ಮನೆ, ಬಾವಿ, ಪೈಪುಗಳಿಂದ ಕನಿಷ್ಠ ನಲವತ್ತು ಅಡಿ ದೂರವಿಡಿ. ಇವಕ್ಕೆ ನರ್ಸರಿಯನ್ನೂ ಕಾಯಬೇಕಿಲ್ಲ: ಮುಂಗಾರಿನ ಆರಂಭದಲ್ಲಿ ತೋಳುಗಾತ್ರದ, ಐದಾರು ಅಡಿ ಉದ್ದದ ಕೊಂಬೆಯನ್ನು ಗೂಟದಂತೆ ನೆಟ್ಟು, ಮೇಲ್ತುದಿಗೆ ಸಗಣಿ ಮೆತ್ತಿದರೆ ಹಿಂದಿನವರ ಸಾಲುಮರಗಳಂತೆ ಬೇರುಬಿಡುತ್ತವೆ. ಗೂಟದ ಮರಕ್ಕೆ ತಾಯಿಬೇರು ಇರುವುದಿಲ್ಲವಾದ್ದರಿಂದ ಗಾಳಿ ಹೆಚ್ಚಿರುವ ದಿಬ್ಬದ ಮೇಲೆ ಮಾತ್ರ ಸಸಿಯನ್ನೇ ಹಾಕಿ.

ಉಳಿದ ಸಸಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಒಂದೂವರೆ ಅಡಿಯ ಗುಂಡಿ ತೆಗೆಸಿ ಬಿಸಿಲಿಗೆ ಬಿಟ್ಟು, ಜೂನ್ ಕೊನೆಯೊಳಗೆ ನೆಟ್ಟು ಮುಗಿಸಿ. ನಮ್ಮ ಕಡೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬರುವುದರಿಂದ ಆ ಹೊತ್ತಿಗೆ ಬೇರು ಇಳಿದಿರುವ ಸಸಿಗೆ ಮೊದಲ ಬೇಸಿಗೆಯನ್ನು ತಡೆಯುವ ಶಕ್ತಿ ಬಂದಿರುತ್ತದೆ. ಬುಡಕ್ಕೆ ಒಣಹುಲ್ಲಿನ ಮುಚ್ಚಿಗೆ, ಮೊದಲ ಎರಡು ಬೇಸಿಗೆ ವಾರಕ್ಕೊಂದು ಬಿಂದಿಗೆ ನೀರು, ಜನವರಿಯಲ್ಲಿ ಗಡಿಯ ಸುತ್ತ ಎಂಟು ಹತ್ತು ಅಡಿ ಅಗಲ ಹುಲ್ಲು ಸವರಿ ಬೆಂಕಿರೇಖೆ. ಇವಿಷ್ಟನ್ನು ಮಾಡಲಾಗದಿದ್ದರೆ ಐನೂರರ ಬದಲು ಐವತ್ತೇ ಸಸಿ ಹಾಕಿ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿಯೂ ಪ್ರೋತ್ಸಾಹಧನ ಸಿಗುವುದು ನೆಟ್ಟ ಸಸಿಗಲ್ಲ, ಬದುಕುಳಿದ ಸಸಿಗೆ.

ಪ್ರಶ್ನೆ: ಆನೇಕಲ್ ತಾಲ್ಲೂಕಿನಲ್ಲಿ ಬನ್ನೇರುಘಟ್ಟದ ಕಾಡಿಗೆ ಹೊಂದಿಕೊಂಡಂತೆ ನಮ್ಮ ತಂದೆಯವರ ಮೂರು ಎಕರೆ ಇದೆ. ನಾನು ಕೆಲಸ ಮಾಡುವ ಕಚೇರಿಯ ಸಹೋದ್ಯೋಗಿಗಳು ಒಂದು ಶನಿವಾರ ಬಂದು ಸಾವಿರ ಸಸಿ ನೆಡುತ್ತೇವೆ, ಆನೆಗಳಿಗೆ ಕಾಡಿನಲ್ಲಿ ಆಹಾರ ಸಾಲದು, ಹಲಸು, ಬಿದಿರು, ಬಾಳೆ ಹಾಕೋಣ ಎನ್ನುತ್ತಿದ್ದಾರೆ. ತಂದೆಯವರು ಖಡಾಖಂಡಿತ ಬೇಡವೆನ್ನುತ್ತಾರೆ. ಯಾರ ಮಾತು ಸರಿ?
(ಬನಶಂಕರಿಯ ಓದುಗರು)

ಉತ್ತರ: ನಿಮ್ಮ ತಂದೆಯವರ ಮಾತು.

ವಯಸ್ಕ ಆನೆಯೊಂದಕ್ಕೆ ದಿನಕ್ಕೆ ನೂರೈವತ್ತು ಕಿಲೋ ಆಸುಪಾಸು ಮೇವು, ನೂರು ಲೀಟರಿಗೂ ಮೀರಿದ ನೀರು ಬೇಕು. ಮೂರು ಎಕರೆಯ ಹಲಸು, ಬಿದಿರು ಒಂದು ಹಿಂಡಿಗೆ ಎಷ್ಟು ದಿನ ಸಾಕಾದೀತೆಂದು ನಿಮ್ಮ ಸಹೋದ್ಯೋಗಿಗಳೇ ಲೆಕ್ಕಹಾಕಲಿ. ಬನ್ನೇರುಘಟ್ಟ 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಗಲ ಕಡಿಮೆ, ಉದ್ದ ಹೆಚ್ಚಿರುವ ಈ ಕಾಡಿನ ಒಂದು ಮಗ್ಗುಲಲ್ಲಿ ನಗರ, ಇನ್ನೊಂದು ತುದಿಯಲ್ಲಿ ತಮಿಳುನಾಡಿನ ತಳಿ, ಹೊಸೂರು ಭಾಗದ ಅರಣ್ಯಗಳಿವೆ. ರಾಗಿ ತೆನೆ ಬಲಿಯುವ ನವೆಂಬರ್ ಆಸುಪಾಸಿನಲ್ಲಿ ಹಿಂಡುಗಳು ಈ ದಾರಿಯುದ್ದಕ್ಕೂ ಹೊಲಗಳಿಗೆ ಇಳಿಯುವುದು ನಿಮ್ಮ ತಂದೆಯವರಿಗೆ ಪಂಚಾಂಗದಷ್ಟೇ ನಿಖರವಾಗಿ ಗೊತ್ತಿರುತ್ತದೆ. ಕಾಡಿನ ಹುಲ್ಲಿಗಿಂತ ಬೆಳೆ ಕಡಿಮೆ ಶ್ರಮಕ್ಕೆ ಹೆಚ್ಚು ಪೌಷ್ಟಿಕಾಂಶ ಕೊಡುತ್ತದೆಂಬುದನ್ನು ಒಮ್ಮೆ ಕಲಿತ ಆನೆ ಅದನ್ನು ಮರೆಯುವುದಿಲ್ಲ. ಹಿಂಡಿಗೆ ಹಲಸಿನ ರುಚಿ ತೋರಿಸಿ ಕರೆಸಿಕೊಂಡರೆ, ಬೆಳಗಿನ ಜಾವ ಹಾಲಿನ ಡೇರಿಗೆ ನಡೆದುಹೋಗುವವರು ಅದರ ಎದುರಿಗೆ ಸಿಗುತ್ತಾರೆ. ಕಾಡಂಚಿನ ಅನಾಹುತಗಳಲ್ಲಿ ಎಷ್ಟೋ ನಡೆಯುವುದು ಈ ಮಬ್ಬುಗತ್ತಲಿನ ವೇಳೆಯಲ್ಲಿಯೇ.

ಸಹೋದ್ಯೋಗಿಗಳ ಉತ್ಸಾಹವನ್ನು ವ್ಯರ್ಥ ಮಾಡಬೇಕಿಲ್ಲ. ಹೊಂಗೆ, ಬೇವು, ಮುತ್ತುಗ, ಕಕ್ಕೆ, ಲಕ್ಕಿ ಇವು ಹಕ್ಕಿ, ಜೇನುಗಳಿಗೆ ಒದಗುವ, ಆನೆಯನ್ನು ದೂರದಿಂದ ಸೆಳೆಯದ ಮರಗಿಡಗಳು. ಅವನ್ನು ಕಾಡಿನ ಕಡೆಯಲ್ಲದೆ ಊರಿನ ಕಡೆಯ ಬದುವಿನಲ್ಲಿ ನೂರಿನ್ನೂರು ನೆಡಿಸಿ. ಕಾಡಿಗೆ ಮುಖ ಮಾಡಿದ ಮೂವತ್ತು ನಲವತ್ತು ಅಡಿಯನ್ನು ದೃಷ್ಟಿ ಹಾಯುವಂತೆ ಬಯಲಾಗಿಯೇ ಬಿಡಿ. ಬೇಲಿಗೆ ಸೋಲಾರ್ ಯಂತ್ರದ ಮಿಡಿತದ ವಿದ್ಯುತ್ ಬಿಟ್ಟು ಬೇರೆ ಯಾವುದೂ ಬೇಡ. ಮನೆಯ ಲೈನಿನಿಂದ ನೇರವಾಗಿ ತಂತಿಗೆ ಕರೆಂಟು ಕೊಡುವುದು ಅಪರಾಧ. ಅದರಿಂದ ಆನೆಗಳಷ್ಟೇ ಅಲ್ಲ, ನೀರು ಕಟ್ಟಲು ಹೋದ ರೈತರೂ ಸತ್ತಿದ್ದಾರೆ. ಉದ್ಯಾನದ ಸುತ್ತಣ 168.84 ಚದರ ಕಿಲೋಮೀಟರ್ ಪ್ರದೇಶವನ್ನು 2020ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಲಾಗಿದೆ. ನಿಮ್ಮ ಸರ್ವೆ ನಂಬರು ಅದರೊಳಗೆ ಬರುತ್ತದೆಯೇ ಎಂಬುದನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ; ಬಂದರೆ ಮರ ಕಡಿಯುವುದಕ್ಕೂ ಕಟ್ಟಡ ಕಟ್ಟುವುದಕ್ಕೂ ಹೆಚ್ಚಿನ ನಿಯಮಗಳಿವೆ.

ಪ್ರಶ್ನೆ: ಹೆಸರಘಟ್ಟದ ಹತ್ತಿರ ನಮ್ಮ ಎರಡು ಎಕರೆ ಹುಲ್ಲು ಬೆಳೆದು ಖಾಲಿ ಬಿದ್ದಿದೆ. ದಟ್ಟವಾಗಿ ಸಸಿ ನೆಟ್ಟು ಕಿರುಕಾಡು ಮಾಡಬೇಕೆಂದಿದ್ದೇವೆ. ಸಲಹೆ ಕೊಡಿ.
(ಯಲಹಂಕದ ಓದುಗರು)

ಉತ್ತರ: ‘ಖಾಲಿ’ ಎಂಬ ಪದವನ್ನು ನಾವು ಒಪ್ಪುವುದಿಲ್ಲ. ಹೆಸರಘಟ್ಟದ ಹುಲ್ಲುಗಾವಲು ಬೆಂಗಳೂರಿಗೆ ಉಳಿದಿರುವ ದೊಡ್ಡ ಹುಲ್ಲುಗಾವಲು. ನೆಲದ ಮೇಲೆ ಗೂಡು ಮಾಡುವ ನೆಲಗುಬ್ಬಿ, ಲಾವಕ್ಕಿಗಳಿಗೆ, ಚಳಿಗಾಲದಲ್ಲಿ ದೂರದಿಂದ ಬಂದು ಹುಲ್ಲಿನಲ್ಲೇ ರಾತ್ರಿ ಕಳೆಯುವ ಸೆಳೆವಗಳಿಗೆ ಮರವೆಂದರೆ ವೈರಿಯ ಆಸನ. ಕಾಗೆ, ಹದ್ದು ಕುಳಿತು ಮರಿಗಳನ್ನು ಎಣಿಸುವ ಜಾಗ. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಉಳಿದಿರುವುದೂ ಅಲ್ಲಿ ಓಡಲು ಬಯಲು, ಮೇಯಲು ಹುಲ್ಲು ಇರುವುದರಿಂದಲೇ.

ನೀವು ಮಾಡಬೇಕಾದದ್ದು ಕಡಿಮೆ. ಬಳ್ಳಾರಿ ಜಾಲಿ, ಲಂಟಾನ, ಪಾರ್ಥೇನಿಯಂ ನುಸುಳದಂತೆ ನೋಡಿಕೊಳ್ಳಿ. ಹುಲ್ಲು ಬೀಜ ಉದುರಿಸಿದ ಮೇಲೆ, ಅಂದರೆ ಡಿಸೆಂಬರ್ ನಂತರ, ಅರ್ಧ ಭಾಗವನ್ನು ಮಾತ್ರ ಕೊಯ್ದು ಹಳ್ಳಿಯ ದನಗಳಿಗೆ ಕೊಡಿ, ಮುಂದಿನ ವರ್ಷ ಉಳಿದರ್ಧ. ಬೆಂಕಿ ಹಾಕಬೇಡಿ. ನೆರಳು ಬೇಕೇ ಬೇಕೆನಿಸಿದರೆ ಗೇಟಿನ ಪಕ್ಕ ಒಂದು ಹೊಂಗೆ ಸಾಕು.

ಪ್ರಶ್ನೆ: ಬೀಜದುಂಡೆ ಎಸೆದರೆ ಕಾಡು ಬೆಳೆಯುತ್ತದೆಯೇ? ಮಕ್ಕಳೊಂದಿಗೆ ಸಾವಿರ ಉಂಡೆ ಮಾಡಿದ್ದೇವೆ.
(ವಿಜಯನಗರದ ಓದುಗರು)

ಉತ್ತರ: ಮಕ್ಕಳಿಗೆ ಮಣ್ಣಿನ ಪರಿಚಯವಾಯಿತು, ಅಷ್ಟು ಲಾಭ. ಗಟ್ಟಿನೆಲದ ಮೇಲೆ ಬಿದ್ದ ಉಂಡೆಯ ಬೀಜ ಮೊಳೆತರೂ ಬೇರು ಒಳಗೆ ಇಳಿಯುವ ಮುನ್ನ ಒಣಗುತ್ತದೆ. ಆ ಸಾವಿರವನ್ನು ಎಸೆಯದೆ, ಮಳೆ ಬಿದ್ದ ಮರುದಿನ ಕೋಲಿನಿಂದ ಎರಡು ಅಂಗುಲ ತೂತು ಮಾಡಿ ಪೊದೆಯ ಅಂಚಿನ ನೆರಳಿನಲ್ಲಿ ಊರಿದರೆ ಒಂದಷ್ಟು ಉಳಿದಾವು. ನೇರಳೆ, ಬೇವಿನ ಬೀಜಗಳು ಹಣ್ಣಿನಿಂದ ಹೊರಬಂದ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ, ಅವನ್ನು ಉಂಡೆಮಾಡಿ ಮುಂದಿನ ವರ್ಷಕ್ಕೆ ಇಡುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ: ಮಾಗಡಿ ಕಡೆಯ ನಮ್ಮ ತೋಟದಲ್ಲಿ ಪ್ರಾಣಿಗಳಿಗೆಂದು ಸಿಮೆಂಟಿನ ನೀರಿನ ತೊಟ್ಟಿ ಕಟ್ಟಿಸಿ, ಪಕ್ಕದಲ್ಲಿ ಉಪ್ಪಿನ ಗಡ್ಡೆ ಇಡಬೇಕೆಂದಿದ್ದೇವೆ. ಒಂದು ಸತ್ತ ಹುಣಸೆ ಮರವೂ ಇದೆ, ಅದನ್ನು ಕಡಿಸಬಹುದೇ?
(ರಾಜಾಜಿನಗರದ ಓದುಗರು)

ಉತ್ತರ: ನೀರು ಇಡಿ, ಉಪ್ಪು ಬೇಡ. ಅರಣ್ಯ ಇಲಾಖೆಯವರು ಕಾಡಿನೊಳಗೆ ಉಪ್ಪು ಇಡುವ ಪದ್ಧತಿ ಇದೆ. ಅದು ಅವರ ಜಾಗ, ಅವರ ಕಾವಲು. ಖಾಸಗಿ ತೋಟದಲ್ಲಿ ಒಂದೇ ಗಡ್ಡೆಯನ್ನು ಊರ ಹಸುಗಳೂ ಕಾಡುಪ್ರಾಣಿಗಳೂ ನೆಕ್ಕಿದರೆ ಕಾಲುಬಾಯಿ ಜ್ವರದಂಥ ರೋಗ ಎರಡು ಕಡೆಗೂ ದಾಟುತ್ತದೆ.

ತೊಟ್ಟಿಯ ಗೋಡೆ ನೇರವಾಗಿದ್ದರೆ ಅದು ಬಾವಿಯೇ ಆದೀತು. ಮೊಲ, ಹಾವು, ಮುಳ್ಳುಹಂದಿಯ ಮರಿ ಒಳಗೆ ಬಿದ್ದರೆ ಹತ್ತಿ ಬರಲಾಗದು. ತಟ್ಟೆಯಾಕಾರದಲ್ಲಿ, ನಡುವೆ ಒಂದು ಅಡಿ ಆಳ, ಎಲ್ಲ ಕಡೆಯಿಂದ ನಿಧಾನ ಇಳಿಜಾರು, ಮೇಲ್ಮೈ ಒರಟು, ಅಲ್ಲಲ್ಲಿ ಕಲ್ಲು. ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಬೇಕು, ಇಲ್ಲವಾದರೆ ಸೊಳ್ಳೆಯ ತವರು. ಮನೆಯಿಂದ ದೂರ, ಪೊದೆಯಿಂದ ಇಪ್ಪತ್ತು ಅಡಿ ಆಚೆ ಇರಲಿ: ಹಕ್ಕಿಗೆ ಓಡಿ ಅಡಗುವಷ್ಟು ಹತ್ತಿರ, ಬೆಕ್ಕಿಗೆ ಹೊಂಚು ಹಾಕಲಾಗದಷ್ಟು ದೂರ. ತೋಟದಲ್ಲಿ ಕಟ್ಟೆಯಿಲ್ಲದ ಹಳೆಯ ಬಾವಿ ಇದ್ದರೆ ತೊಟ್ಟಿಗಿಂತ ಮೊದಲು ಅದಕ್ಕೆ ಮೂರು ಅಡಿ ಕಟ್ಟೆ ಕಟ್ಟಿಸಿ. ಕಾಡಂಚಿನ ಹಳ್ಳಿಗಳಲ್ಲಿ ಚಿರತೆಗಳು ಬಾವಿಗೆ ಬೀಳುವುದು ಅಪರೂಪವಲ್ಲ.

ಸತ್ತ ಹುಣಸೆಯನ್ನು ದಾರಿಯ ಮೇಲೋ ಮನೆಯ ಮೇಲೋ ಬೀಳುವಂತಿಲ್ಲದಿದ್ದರೆ ಬಿಟ್ಟುಬಿಡಿ. ಮರಕುಟಿಗ ಕೊರೆದ ಪೊಟರೆಗೆ ಮುಂದಿನ ವರ್ಷ ಮೈನಾ, ಅದರ ಮುಂದಿನ ವರ್ಷ ಗಿಳಿ, ಹಾಲಕ್ಕಿ ಗೂಬೆ ಬರುತ್ತವೆ. ಜೀವಂತ ಮರದಲ್ಲಿ ಅಂಥ ಪೊಟರೆ ಮೂಡಲು ದಶಕಗಳು ಬೇಕು. ಹುಣಸೆ ಎಂದಾಗ ಕೊಕ್ಕರೆ ಬೆಳ್ಳೂರನ್ನು ನೆನೆಯದೆ ಇರಲಾಗದು. ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮನೆಗಳ ನಡುವಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಗೂಡಿರುವ ಮರದ ಹುಣಸೆ ಕೀಳದೆ ಬಿಡುವ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ವ್ಯವಸ್ಥೆಯೂ ಬಂದಿತು, 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಅಲ್ಲಿ ಯಾರೂ ಹಕ್ಕಿಗೆ ಮೇವು ಹಾಕಲಿಲ್ಲ. ಮರ ಕಡಿಯಲಿಲ್ಲ, ಕಲ್ಲು ಹೊಡೆಯಲಿಲ್ಲ, ಅಷ್ಟೇ.

ಆದರೂ ಕಡಿಸಲೇಬೇಕಾದ ಸಂದರ್ಭ ಬಂದರೆ, ಸ್ವಂತ ಜಮೀನಿನ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್, ಸರ್ವೆಯಂಥ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ. ಸತ್ತ ಮರವೆಂದು ನೀವೇ ತೀರ್ಮಾನಿಸಿ ಗರಗಸದವರನ್ನು ಕರೆಯುವ ಮುನ್ನ ಅರ್ಜಿ ಕೊಟ್ಟು, ಸ್ಥಳ ಪರಿಶೀಲನೆ ಮಾಡಿಸಿಕೊಳ್ಳಿ. ಅದಕ್ಕೂ ಮುನ್ನ ಒಂದು ಸಂಜೆ ಆ ಮರದ ಕೆಳಗೆ ಅರ್ಧ ಗಂಟೆ ಕುಳಿತು, ಯಾವ ಪೊಟರೆಯಿಂದ ಯಾರು ಹೊರಬರುತ್ತಾರೆಂದು ನೋಡಿ.